ಕೆರೆ ಏರಿಯ ಕೆಳಗೆ ತಮಟೆ

ತಮಟೆಗೆ ಗೋಡೆ ಆಗಿಬರುವುದಿಲ್ಲ. ಸಣ್ಣ ಹಾಲ್‌ನಲ್ಲಿ ಏಳೆಂಟು ತಮಟೆ ಒಟ್ಟಿಗೆ ಬಾರಿಸಿ ನೋಡಿ. ಸದ್ದು ಗೋಡೆಗೆ ಹೊಡೆದು ವಾಪಸ್ ಬಂದು ಒಂದರ ಮೇಲೊಂದು ಬೀಳುತ್ತದೆ. ಯಾವುದು ಬಲಗೈ ಪೆಟ್ಟು, ಯಾವುದು ಎಡಗೈ ಕಡ್ಡಿ ಅಂತ ಬಾರಿಸುವವರಿಗೇ ಗೊತ್ತಾಗುವುದಿಲ್ಲ. ಅದೇ ತಮಟೆಗಳನ್ನು ಬಯಲಿಗೆ ತನ್ನಿ. ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಮೈಕು ಬೇಡ, ಸ್ಪೀಕರ್ ಬೇಡ. ದೂರದಲ್ಲಿದ್ದವರನ್ನು ಕರೆಯುವುದಕ್ಕೇ ಇದ್ದ ವಾದ್ಯ ಇದು. ಡಂಗುರ ಸಾರುವುದಕ್ಕೆ, ಜಾತ್ರೆಗೆ, ಮಾರಿ ಹಬ್ಬಕ್ಕೆ, ಮದುವೆಗೆ, ಸಾವಿಗೆ.

ನಮ್ಮದೊಂದು ಹವ್ಯಾಸಿ ತಮಟೆ ತಂಡವಿದೆ. ಬೆಂಗಳೂರಿನ ಹೊರವಲಯದಲ್ಲಿ. ಒಬ್ಬರು ಆಸ್ಪತ್ರೆಯಲ್ಲಿ ನರ್ಸ್. ಒಬ್ಬರು ಆಟೋ ಓಡಿಸುತ್ತಾರೆ. ಇಬ್ಬರು ಸಾಫ್ಟ್‌ವೇರ್ ಕಂಪನಿಯವರು. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಉಡುಪಿ ಕಡೆಯ ಒಬ್ಬ ಶಿಕ್ಷಕಿ ಇದ್ದಾರೆ, ಪಿಯುಸಿ ಓದುವ ಹುಡುಗನೊಬ್ಬ ಇದ್ದಾನೆ. ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ಭಾನುವಾರ ಬೆಳಿಗ್ಗೆ ಮನೆಗಳಿಂದ ಸ್ವಲ್ಪ ದೂರ ಇರುವ ಖಾಲಿ ಸೈಟಿನಲ್ಲಿ ಸೇರುತ್ತೇವೆ. ಕಲಿಸುವವರು ಚಿಕ್ಕಬಳ್ಳಾಪುರದ ಕಡೆಯವರು. ಅವರ ಅಪ್ಪ, ತಾತ ಎಲ್ಲರೂ ತಮಟೆಯವರೇ. ಅವರಿಗೆ ನಾವು ಮೇಷ್ಟ್ರು ಅನ್ನುತ್ತೇವೆ.

ಕಳೆದ ನವೆಂಬರಿನಲ್ಲಿ ನಮ್ಮ ಬಡಾವಣೆಯ ಕೆರೆ ಹಬ್ಬಕ್ಕೆ ಬಾರಿಸಿದೆವು. ಅದರ ಬಗ್ಗೆ ಬರೆಯಬೇಕು ಅಂತ ಆಗಿನಿಂದ ಮನಸ್ಸಿನಲ್ಲಿದೆ. ನಮ್ಮಂಥವರು ತಮಟೆಯನ್ನು ಹೆಗಲಿಗೆ ಹಾಕಿಕೊಳ್ಳುವುದಾದರೆ ಯಾವ ಷರತ್ತಿನ ಮೇಲೆ ಹಾಕಿಕೊಳ್ಳಬೇಕು? ಈ ಪ್ರಶ್ನೆ ಅಭ್ಯಾಸದ ಸೈಟಿನಲ್ಲಿ ಇಷ್ಟು ಗಟ್ಟಿಯಾಗಿ ಎದುರಾಗಿರಲಿಲ್ಲ. ಜನರ ಮುಂದೆ ನಿಲ್ಲುವ ಹೊತ್ತಿಗೆ ಎದುರಾಯಿತು.

ಬೆಂಗಳೂರಿನಲ್ಲಿ ಈಗ ಕೆರೆ ಹಬ್ಬಗಳು ಅಲ್ಲಲ್ಲಿ ನಡೆಯುತ್ತವೆ. ಕೆರೆ ಉಳಿಸಲು ಓಡಾಡುವ ನಿವಾಸಿಗಳೇ ಸೇರಿ ಮಾಡುವಂಥವು. ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ, ಬೆಳಿಗ್ಗೆ ಹಕ್ಕಿ ನೋಡುವ ನಡಿಗೆ, ಬಟ್ಟೆ ಚೀಲದ ಅಂಗಡಿ, ರಾಗಿ ತಿಂಡಿ, ಸಂಜೆಗೆ ಒಂದಿಷ್ಟು ಹಾಡು, ಕುಣಿತ. ನಮ್ಮ ಕೆರೆಯದ್ದೂ ಅಷ್ಟೇ. ವೇದಿಕೆ ಇರಲಿಲ್ಲ. ಏರಿಯ ಕೆಳಗೆ ಹುಲ್ಲು ಕೊಯ್ದ ಜಾಗ, ಸುತ್ತ ಒಂದು ಹಗ್ಗ.

ಹಬ್ಬದ ಹೆಸರು ಹೊಸದು, ಹಬ್ಬ ಹಳೆಯದು. ಹಳೇ ಮೈಸೂರಿನ ಕಡೆ ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಊರೇ ಏರಿ ಹತ್ತುತ್ತಿತ್ತು. ಗಂಗಮ್ಮನಿಗೆ ಪೂಜೆ, ಬಾಗಿನ, ಕೆಲವು ಕಡೆ ತೆಪ್ಪ, ಕೆಲವು ಕಡೆ ಮರಿ ಕಡಿಯುವುದು. ಎಲ್ಲದಕ್ಕೂ ಮುಂದೆ ತಮಟೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಮಳೆ ನೀರನ್ನು ಒಂದು ಕೆರೆಯಿಂದ ಕೆಳಗಿನ ಇನ್ನೊಂದಕ್ಕೆ ಇಳಿಸುತ್ತಾ ಹೋಗುವ ಸಾಲುಗಳೇ ಈ ಊರುಗಳನ್ನು ಬದುಕಿಸಿದ್ದು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದವರು ನೀರುಗಂಟಿಗಳು. ಬೆಂಗಳೂರು, ಕೋಲಾರದ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಮನೆತನಗಳದ್ದು. ತಮಟೆಯೂ ಅದೇ ಕೇರಿಗಳದ್ದು. ನೀರು ಹಂಚುವವರೂ ಊರನ್ನು ಕೂಗಿ ಕರೆಯುವವರೂ ಅಲ್ಲಿಂದಲೇ ಬರಬೇಕಿತ್ತು. ಆದರೂ ಆ ಕೇರಿ ಊರಾಚೆಗೇ ಇತ್ತು.

ಈಗ ನಮ್ಮ ಕೆರೆಯ ಕೋಡಿ ಬೇಸಿಗೆಯಲ್ಲೂ ಹರಿಯುತ್ತದೆ. ಬಡಾವಣೆಗಳ ಕೊಳಚೆ ನೀರು ಕಾಲುವೆಗೆ ಸೇರಿ ವರ್ಷವಿಡೀ ಬರುತ್ತಲೇ ಇರುತ್ತದೆ. ಬೆಂಗಳೂರಿನ ಎಷ್ಟೋ ಕೆರೆಗಳ ಕಥೆ ಇದೇ. ಕೋಡಿ ಬಿತ್ತು ಅಂತ ಯಾರೂ ಏರಿ ಹತ್ತುವುದಿಲ್ಲ. ಅದಕ್ಕೇ ಕ್ಯಾಲೆಂಡರ್ ನೋಡಿ ಭಾನುವಾರ ಗೊತ್ತು ಮಾಡಿಕೊಂಡು ಹಬ್ಬ ಮಾಡುತ್ತೇವೆ. ಇದನ್ನು ನಾನು ಕೀಳಾಗಿ ನೋಡುವುದಿಲ್ಲ. ನೀರಿನ ಹತ್ತಿರ ಜನರನ್ನು ಮತ್ತೆ ಕರೆತರಲು ಯಾವುದಾದರೂ ನೆಪ ಬೇಕೇ ಬೇಕು.

ಸಂಘಟಕರು ನಮ್ಮನ್ನು ಕರೆದಾಗ ಹೇಳಿದ ಮಾತು ಇದು: "ನೀವು ಹೇಗೂ ಹವ್ಯಾಸಿಗಳು ಅಲ್ವಾ? ಊಟ ಇರುತ್ತೆ, ಸರ್ಟಿಫಿಕೇಟ್ ಕೊಡ್ತೀವಿ." ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೆರೆಗಾಗಿ ತಮ್ಮ ಭಾನುವಾರಗಳನ್ನೆಲ್ಲ ಕೊಟ್ಟವರು ಅವರು. ನಮ್ಮಲ್ಲೂ ಅರ್ಧ ಜನ ಒಪ್ಪಿಬಿಟ್ಟಿದ್ದರು. ನಮಗೆಲ್ಲ ಸಂಬಳ ಬರುತ್ತದೆ, ಇದಕ್ಕೆ ಯಾಕೆ ದುಡ್ಡು ಕೇಳಬೇಕು ಅಂತ ಅವರ ವಾದ.

ಮೇಷ್ಟ್ರು ತಮಟೆ ಪಟ್ಟಿ ಬಿಗಿ ಮಾಡುತ್ತಾ ಕೂತಿದ್ದರು. ತಲೆ ಎತ್ತದೆ ಅಂದರು: "ನೀವು ಇವತ್ತು ಸುಮ್ನೆ ಬಾರಿಸಿದ್ರೆ, ನಾಳೆ ನನ್ನನ್ನೂ ಸುಮ್ನೆ ಬಾ ಅಂತಾರೆ."

ವಾದ ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಅದನ್ನೇ ಯೋಚಿಸುತ್ತಿದ್ದೆ. ನವೆಂಬರ್ ಅಂದರೆ ರಾಜ್ಯೋತ್ಸವದ ತಿಂಗಳು. ತಮಟೆ, ಡೊಳ್ಳು, ವೀರಗಾಸೆ ತಂಡಗಳಿಗೆ ಕೈತುಂಬ ಕೆಲಸ ಸಿಗುವ ಕಾಲ. ಅದು ಬಿಟ್ಟರೆ ಗಣೇಶನ ಮೆರವಣಿಗೆ, ಬೇಸಿಗೆಯ ಜಾತ್ರೆಗಳು, ಚುನಾವಣೆ ಬಂದರೆ ರ್ಯಾಲಿ. ಮಿಕ್ಕ ತಿಂಗಳು ಗಾರೆ ಕೆಲಸ, ಕೂಲಿ. ಕೊರೊನಾ ಬಂದ 2020 ಮತ್ತು 2021ರಲ್ಲಿ ಮೆರವಣಿಗೆಯೇ ಇರಲಿಲ್ಲ. ಮೇಷ್ಟ್ರು ಆಗ ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತರು. ಇಂಥವರು ಬದುಕುವ ಕೆಲಸವನ್ನು ನಾವು ಹೋಗಿ ಪುಕ್ಕಟೆಯಾಗಿ ಮಾಡಿಕೊಟ್ಟರೆ, ಅದು ನೇರವಾಗಿ ಅವರ ಅನ್ನಕ್ಕೇ ಕೈ ಹಾಕಿದಂತೆ. ಕಲೆಯ ಮೇಲಿನ ಪ್ರೀತಿ ಅಂತ ಎಷ್ಟು ಹೇಳಿಕೊಂಡರೂ ಅದು ಬದಲಾಗುವುದಿಲ್ಲ.

ಸಂಘಟಕರ ಜೊತೆ ಮತ್ತೆ ಕೂತು ಮಾತಾಡಿದೆವು. ವೃತ್ತಿ ತಂಡವೊಂದಕ್ಕೆ ಆ ತಿಂಗಳು ನಡೆಯುವ ದರವನ್ನೇ ಹೇಳಿದೆವು. ಆ ಹಣ ಮೇಷ್ಟ್ರಿಗೆ ಮತ್ತು ಅವರ ಜೊತೆ ಬರುವ ಇಬ್ಬರು ಕಲಾವಿದರಿಗೆ ಹೋಗಬೇಕು, ನಾವು ಅವರ ಹಿಂದೆ ನಿಂತು ಬಾರಿಸುತ್ತೇವೆ ಅಂದೆವು. ಅವರಿಗೆ ತಕ್ಷಣ ಅರ್ಥವಾಯಿತು. ಅಚ್ಚು ಹಾಕಿಸಬೇಕಿದ್ದ ಟೀ ಶರ್ಟ್ ಕೈಬಿಟ್ಟು ಆ ದುಡ್ಡನ್ನು ಇದಕ್ಕೆ ತಿರುಗಿಸಿದರು. ಅವತ್ತಿನಿಂದ ನಮ್ಮ ತಂಡದ ನಿಯಮ ಇದೇ. ವೃತ್ತಿ ಕಲಾವಿದರು ಇಲ್ಲದೆ ನಾವು ಹೊರಗೆ ಬಾರಿಸುವುದಿಲ್ಲ. ದರ ಇಳಿಸುವುದಿಲ್ಲ. ನಮ್ಮ ಪಾಲಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನು ವಾದ್ಯದ ವಿಷಯ. ಇದರ ಬಗ್ಗೆ ಬರೆಯುವುದೆಂದರೆ ನನಗೆ ಖುಷಿ.

ತಮಟೆ ನೋಡಲು ತುಂಬಾ ಸರಳ. ಮರದ ಅಥವಾ ಕಬ್ಬಿಣದ ಒಂದು ಬಳೆ. ಅದರ ಒಂದು ಮುಖಕ್ಕೆ ಬಿಗಿದ ಚರ್ಮ. ಎಡ ಹೆಗಲಿನಿಂದ ಪಟ್ಟಿಯಲ್ಲಿ ಇಳಿಬಿಟ್ಟು ಮೈಗೆ ಒತ್ತಿ ಹಿಡಿಯಬೇಕು. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು. ಎಡಗೈಯಲ್ಲಿ ಉದ್ದನೆಯ ತೆಳ್ಳನೆ ಬಿದಿರು ಕಡ್ಡಿ. ಬಲಗೈ ಚರ್ಮದ ಮಧ್ಯಕ್ಕೆ ಬೀಳುತ್ತದೆ, ಅದು ನೆಲದ ಸದ್ದು. ಎಡಗೈ ಅಂಚಿನ ಮೇಲಿಂದ ಚಟ್ಟನೆ ಬಡಿಯುತ್ತದೆ, ಅದು ಸಿಡಿಯುವ ಸದ್ದು. ಜಗ್ಗಣಕ ಅನ್ನುತ್ತೇವಲ್ಲ, ಅದರಲ್ಲಿ ಜಗ್ಗ ಬಲಗೈಯದ್ದು, ಣಕ ಎಡಗೈಯದ್ದು. ಹೊಸಬರ ಕಣ್ಣೆಲ್ಲ ಬಲಗೈ ಮೇಲೆ. ಆದರೆ ತಮಟೆಯನ್ನು ಆಡಿಸುವುದು ಎಡಗೈ. ಬಲಗೈ ತಪ್ಪದೆ ಬಿದ್ದರೆ ತಾಳ ಇರುತ್ತದೆ ಅಷ್ಟೆ. ಎಡಗೈ ಕಡ್ಡಿ ತಾಳದ ನಡುವೆ ನುಗ್ಗಿ, ಸ್ವಲ್ಪ ತಡೆದು, ಮತ್ತೆ ಓಡಿದಾಗ ಜನರ ಕಾಲು ತಾನಾಗಿ ಏಳುತ್ತದೆ. ಮೇಷ್ಟ್ರು ನಮಗೆ ತಿಂಗಳುಗಟ್ಟಲೆ ಎಡಗೈಯನ್ನೇ ತಿದ್ದಿದರು. ಬರೀ ಎಡಗೈಯಲ್ಲಿ, ಬರೀ ಕಡ್ಡಿಯಲ್ಲಿ, ಕುಣಿಯದೆ, ನಿಂತಲ್ಲೇ.

ಈಗ ಎಲ್ಲೆಲ್ಲೂ ಫೈಬರ್ ತಮಟೆ. ಬೋಲ್ಟ್ ತಿರುಗಿಸಿದರೆ ಬಿಗಿಯಾಗುತ್ತದೆ, ಮಳೆಗೆ ಜಗ್ಗುವುದಿಲ್ಲ, ಹಗುರ. ಮೆರವಣಿಗೆಯಲ್ಲಿ ನಾಲ್ಕು ಗಂಟೆ ನಡೆಯುವ ಕಲಾವಿದರಿಗೆ ಅದು ದೊಡ್ಡ ಅನುಕೂಲ. ಫೈಬರ್ ಹಿಡಿದವರನ್ನು ಹಳಿಯುವ ಹಕ್ಕು ನಮಗೆ ಯಾರಿಗೂ ಇಲ್ಲ. ಆದರೆ ಚರ್ಮದ ತಮಟೆಯ ದನಿ ಬೇರೆ. ಫೈಬರಿನಲ್ಲಿ ಪೆಟ್ಟು ಹೊಳೆದು ಅಲ್ಲೇ ನಿಲ್ಲುತ್ತದೆ. ಚರ್ಮದಲ್ಲಿ ಪೆಟ್ಟಿನ ಹಿಂದೆ ಇನ್ನೊಂದು ಸಣ್ಣ ಗುಂಗು ಉಳಿಯುತ್ತದೆ, ಮುಂದಿನ ಪೆಟ್ಟು ಆ ಗುಂಗಿನ ಮೇಲೆ ಬೀಳುತ್ತದೆ. ನಾವು ಕೆರೆ ಹಬ್ಬಕ್ಕೆ ಚರ್ಮದ್ದೇ ಒಯ್ದೆವು.

ಮಧ್ಯಾಹ್ನ ಮೋಡ ಕವಿದು ತುಂತುರು ಹನಿಯಿತು. ಹತ್ತು ನಿಮಿಷದ ಮಳೆ, ನೆಲ ಕೂಡ ಸರಿಯಾಗಿ ಒದ್ದೆಯಾಗಲಿಲ್ಲ. ಆದರೆ ಚರ್ಮಕ್ಕೆ ಅಷ್ಟು ಸಾಕು. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ, ಹಿಗ್ಗುತ್ತದೆ, ಬಿಗಿ ತಪ್ಪುತ್ತದೆ. ಬಾರಿಸಿದರೆ ಬೊದ್ ಬೊದ್ ಅನ್ನುತ್ತದೆ. ಅದಕ್ಕೆ ಬೆಂಕಿಯೇ ಬೇಕು. ಕೆರೆಯ ಕಾವಲಿನವರು ಏರಿಯ ಹತ್ತಿರ ಬೆಂಕಿ ಹಾಕಲು ಬಿಡಲಿಲ್ಲ. ಒಣಹುಲ್ಲು ಇರುವ ಜಾಗ, ಅವರು ಹೇಳಿದ್ದು ಸರಿ. ರಸ್ತೆ ಬದಿಯ ಸಿಮೆಂಟ್ ನೆಲದ ಮೇಲೆ ಹಳೇ ಕಬ್ಬಿಣದ ಬಾಣಲೆ ಇಟ್ಟು, ಪೇಪರ್, ತೆಂಗಿನ ಗರಿ ಹಾಕಿ ಉರಿ ಎಬ್ಬಿಸಿದೆವು.

ತಮಟೆ ಕಾಯಿಸುವುದು ನೋಡಿದಷ್ಟು ಸುಲಭವಲ್ಲ. ಉರಿಯ ನೆತ್ತಿಗೆ ಹಿಡಿಯಬಾರದು, ಕಾವಿಗೆ ಹಿಡಿಯಬೇಕು. ಒಂದೇ ಕಡೆ ನಿಲ್ಲಿಸಬಾರದು, ತಿರುಗಿಸುತ್ತಾ ಇರಬೇಕು. ಅಂಚು ಬೇಗ ಕಾಯುತ್ತದೆ, ನಡುಭಾಗ ನಿಧಾನ. ನಡುನಡುವೆ ಬೆರಳ ತುದಿಯಿಂದ ತಟ್ಟಿ ಕಿವಿ ಕೊಡಬೇಕು. ಮೊದಲು ಮಂಕು ಸದ್ದು. ಆಮೇಲೆ ಒಂದು ಗಳಿಗೆಯಲ್ಲಿ ದನಿ ಮೇಲೇಳುತ್ತದೆ, ಟಣ್ ಅನ್ನುತ್ತದೆ. ಅಲ್ಲಿಗೆ ತೆಗೆದುಬಿಡಬೇಕು. ಇನ್ನೂ ಸ್ವಲ್ಪ ಇರಲಿ ಅಂತ ಆಸೆಪಟ್ಟರೆ ಬಾರಿಸುವಾಗ ಚರ್ಮ ಸೀಳುತ್ತದೆ. ಮೇಷ್ಟ್ರು ಕೈಗೆ ಕೈಗೆ ತಮಟೆ ದಾಟಿಸುತ್ತಾ ಎಲ್ಲರಿಗೂ ಹದ ಕೇಳಿಸಿದರು. ಮಕ್ಕಳು ಚಿತ್ರದ ಸ್ಪರ್ಧೆ ಬಿಟ್ಟು ಬಾಣಲೆ ಸುತ್ತ ಸೇರಿದರು. ಒಂದು ಪುಟ್ಟ ಹುಡುಗಿ ಕಾದ ಚರ್ಮದ ಮೇಲೆ ಅಂಗೈ ಇಟ್ಟು, ಜ್ವರ ಬಂದಿದೆ ಅಂದಳು. ಮೇಷ್ಟ್ರು ನಕ್ಕು ಅವಳ ಕೈಗೆ ಕಡ್ಡಿ ಕೊಟ್ಟರು.

ಈ ಚರ್ಮದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಾನು ಮೊದಲು ಬಾಡಿಗೆಗಿದ್ದ ಮನೆಯ ಮಾಲೀಕರು, ತಮಟೆ ತಂದ ದಿನವೇ, ಚರ್ಮದ ವಾದ್ಯ ಮನೆಯೊಳಗೆ ಇಡಬೇಡಿ ಅಂದರು. ಅವರ ಮಗ ಮೃದಂಗ ಕಲಿಯುತ್ತಿದ್ದ. ಮೃದಂಗದ ಎರಡೂ ಮುಖಕ್ಕೆ ಇರುವುದು ಚರ್ಮ, ಅದನ್ನು ಬಿಗಿಯುವ ಬಾರೂ ಚರ್ಮ. ಅದು ಅವರ ದೇವರ ಮನೆಯ ಪಕ್ಕದಲ್ಲೇ ಇರುತ್ತಿತ್ತು. ಇದನ್ನು ಅವರಿಗೇ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಅದು ಬೇರೆ, ಇದು ಬೇರೆ ಅಂದರು. ಬೇರೆ ಏನು ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ವಾದ್ಯಕ್ಕೆ ಅಂಟಿದ್ದು ಬಾರಿಸುವವರ ಜಾತಿ. ಕೆಲವು ತಿಂಗಳಲ್ಲಿ ನಾನು ಮನೆ ಬದಲಾಯಿಸಿದೆ.

ಮೇಷ್ಟ್ರ ಅಪ್ಪನ ಕಾಲದಲ್ಲಿ ಊರ ದೇವರ ಉತ್ಸವ ತಮಟೆಯಿಲ್ಲದೆ ಹೊರಡುತ್ತಿರಲಿಲ್ಲ. ದೇವರ ಮುಂದೆ ನಡೆಯುತ್ತಿದ್ದವರೇ ಅವರು. ಆದರೆ ಗುಡಿಯ ಮೆಟ್ಟಿಲ ಹತ್ತಿರ ಬಂದಾಗ ಅವರು ನಿಲ್ಲಬೇಕು, ಮಿಕ್ಕವರು ಒಳಗೆ ಹೋಗಬೇಕು. ವರ್ಷವಿಡೀ ಬಾರಿಸಿದ್ದಕ್ಕೆ ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತರೆ ಒಂದಿಷ್ಟು ರಾಗಿ. ಕೊಟ್ಟಷ್ಟು ತೆಗೆದುಕೊಳ್ಳಬೇಕು. ಊರಲ್ಲಿ ಯಾರು ಸತ್ತರೂ, ರಾತ್ರಿಯಾಗಲಿ ಮಳೆಯಾಗಲಿ, ಹೋಗಿ ಬಾರಿಸಬೇಕು. ಬರುವುದಿಲ್ಲ ಅನ್ನುವ ಹಾಗಿರಲಿಲ್ಲ. ಇದನ್ನೆಲ್ಲ ಅವರು ಒಮ್ಮೆಗೇ ಹೇಳಿದ್ದಲ್ಲ. ಚಹಾ ಕುಡಿಯುವಾಗ, ಬಸ್ಸಿಗೆ ಕಾಯುವಾಗ, ಒಂದೊಂದು ಮಾತು ಹೊರಬರುತ್ತಿತ್ತು.

ಉಡುಪಿ ಕಡೆಯ ಶಿಕ್ಷಕಿ ಒಮ್ಮೆ ತಮ್ಮ ಸೀಮೆಯ ವಿಷಯ ಹೇಳಿದರು. ಅಲ್ಲಿ ಕೊರಗ ಸಮುದಾಯದವರ ಡೋಲು ಬಹಳ ಹೆಸರಾದದ್ದು. ಅದೇ ಡೋಲನ್ನು ಅಜಲು ಅನ್ನುವ ಪದ್ಧತಿಯಲ್ಲಿ ಅವರಿಂದ ಬಿಟ್ಟಿಯಾಗಿ ಬಾರಿಸಿಕೊಳ್ಳುತ್ತಿದ್ದರು. ಅವರನ್ನು ಮನುಷ್ಯರೇ ಅಲ್ಲ ಅನ್ನುವ ಹಾಗೆ ನಡೆಸಿಕೊಳ್ಳುತ್ತಿದ್ದ ಪದ್ಧತಿ ಅದು. ಅದನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಸದ್ದು ಎಲ್ಲರಿಗೂ ಬೇಕು, ಸದ್ದು ಮಾಡುವ ಮನುಷ್ಯ ಬೇಡ. ಮೇಷ್ಟ್ರು ಅದನ್ನು ಕೇಳಿ, ನಮ್ಮ ಕಡೆನೂ ಹಾಗೇ ಅಂದರು, ಅಷ್ಟೆ.

ಅದೇ ತಮಟೆ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಲೆ ಎತ್ತಿ ನಡೆಯಿತು. ಬಾರಿಸು ಅಂದಾಗ ಬಾರಿಸಬೇಕಾಗಿದ್ದವರು ತಮಗಾಗಿ ಬಾರಿಸಿದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಆ ದಿನದ ಪೇಪರ್ ಕತ್ತರಿಸಿ ಮೇಷ್ಟ್ರು ತಮ್ಮ ಮನೆಯ ಗೋಡೆಗೆ ಅಂಟಿಸಿದ್ದಾರೆ. ಈಚೆಗೆ ಹೆಣ್ಣುಮಕ್ಕಳ ತಮಟೆ ತಂಡಗಳೂ ಬಂದಿವೆ. ಆ ಬಾಗಿಲು ತೆರೆದಿದ್ದರಿಂದಲೇ ನನ್ನಂಥವಳು ಇವತ್ತು ತಮಟೆ ಹಿಡಿದು ಬಯಲಿಗೆ ಬರಲು ಆಗಿರುವುದು.

ಹಬ್ಬದ ದಿನ ಅತಿಥಿಯೊಬ್ಬರು ಮಾತಾಡುತ್ತಾ, ಈ ಕಲೆಯನ್ನು ಇವರ ಮಕ್ಕಳು ಮುಂದುವರಿಸಬೇಕು, ಇಲ್ಲದಿದ್ದರೆ ಅಳಿದುಹೋಗುತ್ತದೆ ಅಂದರು. ಇದು ಎಲ್ಲ ಕಡೆ ಕೇಳುವ ಮಾತು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಮೇಷ್ಟ್ರ ಮಗಳು ಬಿಕಾಂ ಓದುತ್ತಿದ್ದಾಳೆ, ತಮಟೆ ಮುಟ್ಟಿಲ್ಲ. ಅದರ ಬಗ್ಗೆ ಕೇಳಿದರೆ ಮೇಷ್ಟ್ರು ಹೇಳುವುದು ಹೀಗೆ: "ಬಾರಿಸಲೇಬೇಕು ಅಂತ ನಾನು ಹೇಳಲ್ಲ. ಬಾರಿಸ್ತೀನಿ ಅಂದ್ರೆ ಬೇಡ ಅನ್ನಲ್ಲ." ಅವರ ಅಪ್ಪನಿಗೆ ಇಲ್ಲದಿದ್ದ ಆಯ್ಕೆ ಅದು. ಕಲೆ ಉಳಿಯಲಿ ಅಂತ ಆ ಹುಡುಗಿಯ ಆಯ್ಕೆಯನ್ನು ಕಸಿಯಲು ನಾವು ಯಾರು? ಉಳಿಸಬೇಕು ಅನ್ನುವವರು ತಾವು ಕಲಿಯಲಿ, ತಮ್ಮ ಮಕ್ಕಳಿಗೆ ಕಲಿಸಲಿ. ಕಲಿಸಿದವರಿಗೆ ಸರಿಯಾಗಿ ದುಡ್ಡು ಕೊಡಲಿ, ಅವರ ಹೆಸರು ಹೇಳಲಿ. ಈ ಭಾರ ಇಷ್ಟು ಕಾಲ ಒಂದೇ ಹೆಗಲ ಮೇಲಿತ್ತು.

ನಾಲ್ಕೂವರೆಗೆ ನಮ್ಮ ಸರದಿ. ಐದೂವರೆಗೆ ಮುಗಿಸಲೇಬೇಕು ಅಂತ ಮೊದಲೇ ಮಾತಾಗಿತ್ತು. ಕೆರೆಯ ನಡುಗಡ್ಡೆಯ ಮರಗಳಿಗೆ ನೀರುಕಾಗೆ, ಬೆಳ್ಳಕ್ಕಿ, ಹೆಜ್ಜಾರ್ಲೆಗಳು ಸಂಜೆ ಮರಳುತ್ತವೆ. ಆ ಹೊತ್ತಿಗೆ ಸದ್ದು ಇರಬಾರದು ಅಂತ ಹಕ್ಕಿ ನೋಡುವ ಗುಂಪಿನವರು ಕೇಳಿಕೊಂಡಿದ್ದರು. ನಮಗೂ ಅದು ಸರಿ ಅನ್ನಿಸಿತ್ತು. ಅದಕ್ಕೇ ನೀರಿನ ಕಡೆ ಹೋಗದೆ, ಏರಿಯ ಕೆಳಗೆ, ಅಚ್ಚುಕಟ್ಟಿನ ಕಡೆ ನಿಂತೆವು. ಅಚ್ಚುಕಟ್ಟಿನಲ್ಲಿ ಈಗ ಗದ್ದೆಯಿಲ್ಲ, ಅಪಾರ್ಟ್‌ಮೆಂಟ್ ಇದೆ.

ಆ ಅಪಾರ್ಟ್‌ಮೆಂಟ್ ಗೋಡೆಯೇ ನಮಗೆ ಮೊದಲ ತೊಂದರೆ ಕೊಟ್ಟಿತು. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೆ 85 ಮೀಟರ್ ದೂರದಲ್ಲಿದ್ದರೆ, ಹೋಗಿ ಬರಲು ಅರ್ಧ ಸೆಕೆಂಡು. ನಾವು ಶುರು ಮಾಡಿದ ಕೂಡಲೇ ನಮ್ಮದೇ ಪೆಟ್ಟು ಅರ್ಧ ತಾಳ ತಡವಾಗಿ ಹಿಂದಿರುಗಿ ನಮ್ಮ ಮಧ್ಯೆ ಬಂದು ಬಿತ್ತು. ಸಾಫ್ಟ್‌ವೇರಿನ ಗೆಳೆಯನ ಕೈ ಆ ಸದ್ದಿನ ಹಿಂದೆ ಹೋಗಲು ಶುರುವಾಯಿತು. ಮೇಷ್ಟ್ರು ಬಾರಿಸುತ್ತಲೇ ಎಲ್ಲರನ್ನೂ ಸುತ್ತು ಚಿಕ್ಕದು ಮಾಡಿಸಿದರು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ತಮ್ಮ ಬಲಗೈ ಮಣಿಕಟ್ಟನ್ನು ಎತ್ತಿ ಹಿಡಿದರು. ಕಿವಿ ಬಿಡಿ, ಕೈ ನೋಡಿ ಅಂತ ಅದರ ಅರ್ಥ. ಬಯಲಿನಲ್ಲಿ ತಂಡ ದೊಡ್ಡದಾದಷ್ಟೂ ಇದು ಬೇಕಾಗುತ್ತದೆ. ಸುತ್ತಿನ ಆ ತುದಿಗೆ 17 ಮೀಟರ್ ದೂರವಿದ್ದರೆ, ಅವರ ಪೆಟ್ಟು ನಮಗೆ ಸೆಕೆಂಡಿನ 20ನೇ ಒಂದು ಭಾಗದಷ್ಟು ತಡವಾಗಿ ಕೇಳುತ್ತದೆ. ತಮಟೆಯ ಓಟದಲ್ಲಿ ಅಷ್ಟು ಸಾಕು, ತಾಳ ಜಾರಿಬಿಡುತ್ತದೆ. ಕಣ್ಣಿಗೆ ಆ ತಡ ಇಲ್ಲ.

ಸ್ವಲ್ಪ ಹೊತ್ತಿಗೆ ಕೈಗಳು ಕೂಡಿದವು. ಇದನ್ನು ಬರೆದು ತಿಳಿಸುವುದು ಕಷ್ಟ. ನನ್ನ ಬಲಗೈ ನನ್ನದು ಅನ್ನಿಸುವುದಿಲ್ಲ. ಪಕ್ಕದವರು ಉಸಿರು ಎಳೆದದ್ದು ಗೊತ್ತಾಗುತ್ತದೆ. ಮೊಣಕಾಲು ಎಲ್ಲರದ್ದೂ ಒಟ್ಟಿಗೆ ಬಗ್ಗುತ್ತದೆ. ನರ್ಸ್ ಅಕ್ಕ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಅವರ ಮುಖದಲ್ಲಿ ಆಯಾಸ ಇತ್ತು, ಕೈಯಲ್ಲಿ ಇರಲಿಲ್ಲ. ವೇಗ ಏರಿಸಿ, ಇಳಿಸಿ, ಕೂತು ಬಾರಿಸಿ, ಮತ್ತೆ ಎದ್ದು. ನಡುವೆ ಬ್ಯಾಂಕಿನ ಹಿರಿಯರು ತಾಳ ಹಿಡಿದು ಬೀಸುವ ಪದದ ಧಾಟಿಯಲ್ಲಿ ಒಂದಿಷ್ಟು ತ್ರಿಪದಿ ಹಾಡಿದರು. ಆಗ ತಮಟೆಗಳನ್ನು ಬೆರಳಲ್ಲಿ ಮಾತ್ರ ನುಡಿಸಿದೆವು.

ಒಂದು ವರಸೆಯನ್ನು ಮಾತ್ರ ನಾವು ಬಾರಿಸುವುದಿಲ್ಲ. ಸಾವಿನ ಮನೆಯ ಮುಂದೆ ಬಾರಿಸುವುದನ್ನು. ಜಾತ್ರೆಯದ್ದು, ಮದುವೆಯದ್ದು, ಮಾರಿಯದ್ದು, ಸಾವಿನದ್ದು ಅಂತ ವರಸೆಗಳು ಬೇರೆ ಬೇರೆ. ಕೇಳಿ ಬೆಳೆದವರಿಗೆ ದೂರದಿಂದಲೇ ತಿಳಿಯುತ್ತದೆ, ಊರಲ್ಲಿ ಏನಾಗಿದೆ ಅಂತ. ನಗರದಲ್ಲಿ ಕುಣಿಯುವವರಿಗೆ ವ್ಯತ್ಯಾಸ ಗೊತ್ತಿಲ್ಲ. ಸಾವಿನ ವರಸೆಯ ವೇಗ ಜೋರಾಗಿರುವುದರಿಂದ ಅದನ್ನೇ ಬಾರಿಸಿ ಅಂತ ಕೆಲವರು ಕೇಳುವುದೂ ಉಂಟು. ಮೇಷ್ಟ್ರು ನಮಗೆ ಅದನ್ನು ಕಲಿಸಿದ್ದಾರೆ, ಅದು ಸಾವಿನ ಮನೆಯಲ್ಲಿ ಮಾತ್ರ ಅಂತಲೂ ಹೇಳಿದ್ದಾರೆ. ದುಃಖದಲ್ಲಿರುವವರ ಜೊತೆ ನಿಲ್ಲುವುದಕ್ಕೆ ಇರುವುದನ್ನು ಮೋಜಿಗೆ ತರಬಾರದು.

ಹಬ್ಬಕ್ಕೆ ಬಂದವರಲ್ಲಿ ಹೆಚ್ಚಿನವರು ಅಪಾರ್ಟ್‌ಮೆಂಟಿನವರು. ಕೆರೆಯ ಮೂಲ ಊರು ಏರಿಯ ಆ ತುದಿಯಲ್ಲಿದೆ. ಹಳೇ ಹೆಂಚಿನ ಮನೆಗಳು ಕೆಲವು, ಬಾಡಿಗೆ ಕಟ್ಟಡಗಳು ಹಲವು. ಅಲ್ಲಿನವರು ಇಂಥ ಹಬ್ಬಕ್ಕೆ ಬರುವುದು ಕಡಿಮೆ. ಬಂದರೂ ಹಗ್ಗದ ಆಚೆ ನಿಲ್ಲುತ್ತಾರೆ. ಮಧ್ಯಾಹ್ನದ ಚಿತ್ರ ಸ್ಪರ್ಧೆಗೆ ಅಲ್ಲಿಯ ಮಕ್ಕಳು ಬಂದದ್ದು ನಾನು ಕಾಣಲಿಲ್ಲ. ತಮಟೆ ಸದ್ದು ಕೇಳಿ ಏರಿಯ ಮೇಲೆ ಒಬ್ಬೊಬ್ಬರಾಗಿ ಬಂದು ಸಾಲಾಗಿ ನಿಂತರು. ಹೆಂಗಸರು, ಮುದುಕರು, ಸೈಕಲ್ ಹಿಡಿದ ಹುಡುಗರು. ಒಬ್ಬ ಅಜ್ಜಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದುಬಂದು ಸುತ್ತಿನೊಳಗೆ ಕುಣಿದೇಬಿಟ್ಟರು. ಮುಗಿದ ಮೇಲೆ ಮೇಷ್ಟ್ರ ಹತ್ತಿರ ಬಂದು, ಕೋಡಿ ಬಿದ್ದಾಗ ಹಿಂಗೇ ಬಾರಿಸೋರು, ಆದ್ರೆ ನಮ್ಮೂರಿನ ಗತ್ತು ಬೇರೆ ಅಂದರು.

ಬೇರೆ ಹೇಗೆ ಅಂತ ಮೇಷ್ಟ್ರು ಕೇಳಿದರು. ಅಜ್ಜಿ ಏರಿಯ ಮೇಲೆ ನಿಂತಿದ್ದ ಒಬ್ಬ ಹಿರಿಯರನ್ನು ಕೈಮಾಡಿ ಕರೆದರು. ಎಪ್ಪತ್ತು ದಾಟಿದವರು. ಅವರದ್ದು ಆ ಊರಿನ ತಮಟೆ ಮನೆ. ನೀರುಗಂಟಿಕೆಯೂ ಅವರದ್ದೇ ಆಗಿತ್ತಂತೆ. ಅಚ್ಚುಕಟ್ಟು ಸೈಟುಗಳಾದ ಮೇಲೆ ತೂಬು ಎತ್ತುವ ಕೆಲಸ ನಿಂತಿತು. ಅವರ ಮಗ ಅದೇ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದಾರೆ. ಕೆರೆ ಹಬ್ಬಕ್ಕೆ ತಮಟೆ ಬೇಕು ಅಂದಾಗ ಅವರನ್ನು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಅವರು ಅಲ್ಲಿದ್ದಾರೆ ಅಂತಲೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಅವರು ಮೊದಲು ಬೇಡ ಅಂದರು. ಆಮೇಲೆ ಮೇಷ್ಟ್ರ ತಮಟೆಯನ್ನು ತೆಗೆದುಕೊಂಡು, ಉಗುರಿನಿಂದ ತಟ್ಟಿ ನೋಡಿ, ತಣ್ಣಗಾಗಿದೆ ಅಂದರು. ಬಾಣಲೆಯಲ್ಲಿ ಕೆಂಡ ಇನ್ನೂ ಇತ್ತು. ತಾವೇ ಕಾಯಿಸಿಕೊಂಡು ಬಂದು, ಚಪ್ಪಲಿ ಬಿಟ್ಟು, ಕೋಡಿಯ ಕಡೆ ಮುಖ ಮಾಡಿ ನಿಂತರು. ಬಾರಿಸಿದ್ದು ಎರಡು ಮೂರು ನಿಮಿಷ ಇರಬಹುದು. ನಿಧಾನ. ನಾವು ಕಲಿತದ್ದಕ್ಕಿಂತ ಎಷ್ಟೋ ನಿಧಾನ. ಪ್ರತಿ ಸುತ್ತಿನ ಮೊದಲಿಗೆ ಎಡಗೈ ಕಡ್ಡಿ ಒಂಟಿಯಾಗಿ ಬೀಳುತ್ತಿತ್ತು, ಬಲಗೈ ಆಮೇಲೆ ಬಂದು ಅದನ್ನು ಸೇರುತ್ತಿತ್ತು. ಮೇಷ್ಟ್ರು ಮೊಬೈಲ್ ತೆಗೆದು ರೆಕಾರ್ಡ್ ಮಾಡಿಕೊಂಡರು. ಇಷ್ಟು ವರ್ಷ ಬಾರಿಸಿದವರು ಹೊಸದೊಂದನ್ನು ಕೇಳುವಾಗ ಅವರ ಮುಖ ಹೇಗಿರುತ್ತದೆ ಅಂತ ಅವತ್ತು ನೋಡಿದೆ. ಐದೂವರೆ ಆಗಿತ್ತು. ಹಕ್ಕಿ ನೋಡುವ ಗುಂಪಿನವರು ಗಡಿಯಾರ ನೋಡಿದರು, ಆದರೆ ಯಾರೂ ತಡೆಯಲಿಲ್ಲ. ಆ ಹಿರಿಯರೇ ನಿಲ್ಲಿಸಿ, ಹಕ್ಕಿ ಬರೋ ಹೊತ್ತು, ಸಾಕು ಅಂದರು.

ಈ ವರ್ಷದ ಹಬ್ಬಕ್ಕೆ ಮಾತುಕತೆ ಶುರುವಾಗಿದೆ. ಸಂಘಟಕರಿಗೆ ನಾವು ಹೇಳಿರುವುದು ಇಷ್ಟೇ. ಮೊದಲ ತಮಟೆ ಆ ಹಿರಿಯರದ್ದು, ಮೊದಲ ಸಂಭಾವನೆಯೂ ಅವರದ್ದು. ಬ್ಯಾನರಿನಲ್ಲಿ ಅವರ ಹೆಸರು ಅವರ ಊರಿನ ಹೆಸರಿನ ಜೊತೆ ಬರಬೇಕು. ಅವರು ತಮ್ಮ ಕಡೆಯಿಂದ ಎರಡು ಷರತ್ತು ಹಾಕಿದ್ದಾರೆ. ಫೈಬರ್ ಬೇಡ, ಮತ್ತು ಬಾರಿಸುವ ಮೊದಲು ಕೋಡಿಯ ಹತ್ತಿರ ಗಂಗಮ್ಮನಿಗೆ ಪೂಜೆ ಆಗಬೇಕು. ಪೂಜೆಗೆ ಸಂಘಟಕರು ಒಪ್ಪಿದ್ದಾರೆ. ಹಣದ ಲೆಕ್ಕ ಇನ್ನೂ ಕೂಡಿಬಂದಿಲ್ಲ. ನಮ್ಮ ತಂಡದಿಂದ ಒಂದು ಪಾಲು ಹಾಕುತ್ತೇವೆ ಅಂದಿದ್ದೇವೆ.

ರೆಕಾರ್ಡ್ ಕೇಳಿಕೊಂಡು ಆ ವರಸೆಯನ್ನು ಕಲಿಯಲು ನೋಡುತ್ತಿದ್ದೇವೆ. ಬಲಗೈಯಿಂದ ಶುರು ಮಾಡಿ ಅಭ್ಯಾಸವಾದ ಕೈ ನಮ್ಮದು. ಎಡಗೈ ಮೊದಲು ಬೀಳಬೇಕಾದ ಜಾಗದಲ್ಲಿ ಎಲ್ಲರೂ ಒಂದು ಕ್ಷಣ ತಡೆಯುತ್ತೇವೆ. ಮೊಬೈಲಿನಲ್ಲಿ ಕೇಳಿ ಇದು ಬರಲ್ಲ, ಎದುರಿಗೆ ನಿಂತು ಕೈ ನೋಡಬೇಕು ಅಂತ ಮೇಷ್ಟ್ರು ಹೋಗಿ ಅವರನ್ನೇ ಕೇಳಿಕೊಂಡು ಬಂದರು. ಭಾನುವಾರ ಬೆಳಿಗ್ಗೆ ಬರುತ್ತೇನೆ ಅಂದಿದ್ದಾರೆ. ಮೊಮ್ಮಗನನ್ನೂ ಕರೆದುಕೊಂಡು ಬರುತ್ತಾರಂತೆ.